ಅಪ್ಪನ ಕಂಪ್ಯೂಟರಿಗೆ ನಾನು ಹಾಕಿದ ಬ್ರೌಸರ್

ನನ್ನ ಸಿಟ್ಟು ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಹೆಣ್ಣು ನೋಡಲು ಬಂದವರ ಮುಂದೆ ಕೂಡ ಅದನ್ನು ಯಾರೂ ಮುಚ್ಚಿಡಲಿಲ್ಲ. ಮುಚ್ಚಿಡಲು ನಾನು ಬಿಡಲೂ ಇಲ್ಲ. ಶಾಲೆಯಲ್ಲಿ ಮಕ್ಕಳು ನನಗೆ ಬ್ಯಾಡಗಿ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದರು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದು ಪಾಪ ಆ ಮಕ್ಕಳಿಗೆ ಗೊತ್ತಿರಲಿಲ್ಲ. ಇಲ್ಲಿ ನಾನು ಬರೆಯುತ್ತಿರುವುದು ಒಂದು ಶನಿವಾರ, ಅದರ ಮರುದಿನದ ರವಿವಾರ ಮತ್ತು ಅದರ ಮರುದಿನದ ಸೋಮವಾರದ ಸಿಟ್ಟನ್ನು. ಮೊದಲೆರಡು ದಿನದ್ದು ನ್ಯಾಯವಾದ ಸಿಟ್ಟು ಎಂದು ಈಗಲೂ ವಾದಿಸಬಲ್ಲೆ. ಮೂರನೆಯ ದಿನದ್ದಕ್ಕೆ ನನ್ನ ಹತ್ತಿರ ವಾದವಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಾನು ಹಾವೇರಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸರಕಾರಿ ಹೈಸ್ಕೂಲುಗಳಿಗೆ ಶಿಕ್ಷಕರು ಬೇಕೆಂದು ಅರ್ಜಿ ಕರೆದಿದ್ದರು. ವಯಸ್ಸಿನ ಮಿತಿಯ ಪ್ರಕಾರ ನನಗೆ ಅದೇ ಕೊನೆಯ ಸಲ. ಮುಂದಿನ ವರ್ಷ ಕರೆದರೆ ನಾನು ಮುದುಕಿ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು ಎಂಬ ನಿಯಮ ಹಿಂದಿನ ಸಲವೇ ಬಂದಿತ್ತು. ಆ ಹಿಂದಿನ ಸಲ ನಾನು ಹಾವೇರಿಯ ಒಂದು ಸೈಬರ್ ಸೆಂಟರಿನ ಮುಂದೆ ಎರಡು ತಾಸು ಸಾಲಿನಲ್ಲಿ ನಿಂತು, ಒಳಗಿದ್ದವನ ಕೈಗೆ ನನ್ನ ಕಾಗದಗಳನ್ನೆಲ್ಲ ಕೊಟ್ಟಿದ್ದೆ. ಅರ್ಜಿಗಳ ಕಾಲದಲ್ಲಿ ಅಲ್ಲಿ ಯಾರಿಗೂ ಕೀಬೋರ್ಡ್ ಮುಟ್ಟಗೊಡುತ್ತಿರಲಿಲ್ಲ, ಎಲ್ಲರ ಅರ್ಜಿಯನ್ನೂ ಅವನೇ ತುಂಬುತ್ತಿದ್ದ. ಆ ಮಹಾರಾಯ ನನ್ನ ಹುಟ್ಟಿದ ತಾರೀಖಿನ ಜಾಗದಲ್ಲಿ ಅವತ್ತಿನ ತಾರೀಖನ್ನೇ ಒತ್ತಿಬಿಟ್ಟ. ಸರಕಾರದ ಪ್ರಕಾರ ನಾನು ಹುಟ್ಟಿದ ದಿನವೇ ಬಿ.ಎಡ್. ಮುಗಿಸಿ ನೌಕರಿಗೆ ಅರ್ಜಿ ಹಾಕಿದ ಕೂಸು. ಅರ್ಜಿ ತಿರಸ್ಕಾರವಾಯಿತು. ಹೋಗಿ ಕೇಳಿದರೆ, "ಸರ್ವರ್ ಮಿಷ್ಟೇಕ್ ಅಕ್ಕೋರ, ನಂದೇನೂ ಇಲ್ಲ" ಎಂದು ಮುಂದಿನವರ ಕಾಗದ ಈಸಿಕೊಂಡ. ಅವತ್ತೇ ಅವನ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತ ನಿಶ್ಚಯ ಮಾಡಿದೆ, ಈ ಸಲ ಅರ್ಜಿಯ ಒಂದೊಂದು ಅಕ್ಷರವನ್ನೂ ನಾನೇ ಒತ್ತಬೇಕು ಎಂದು.

ಒತ್ತಲು ಕಂಪ್ಯೂಟರ್ ಬೇಕಲ್ಲ. ನಮಗೆ ಗೊತ್ತಿದ್ದದ್ದು ಒಂದೇ, ಅಪ್ಪ ಕೂರುತ್ತಿದ್ದ ಕಂಪ್ಯೂಟರು.

ಅಪ್ಪ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತ. ಮೇಡ್ಲೇರಿಯಿಂದ ಹಮಾಲಿಗೆಂದು ಬಂದವನು, ಬೆನ್ನ ಮೇಲೆ ಮೆಣಸಿನಕಾಯಿ ಚೀಲ ಹೊತ್ತು ಹದಿನೈದು ವರ್ಷ ತೆಗೆದವನು. ಮೊದಲಿದ್ದ ಗುಮಾಸ್ತ ಬಿಟ್ಟುಹೋದಾಗ ಸಾವ್ಕಾರ ಕಂಪ್ಯೂಟರ್ ತರಿಸಿದ್ದರು. ಹುಬ್ಬಳ್ಳಿಯಿಂದ ಬಂದವನೊಬ್ಬ ಅದರಲ್ಲಿ ಲಾಟಿನ ಚೀಟಿ ಮಾಡುವ ಪ್ರೋಗ್ರಾಮ್ ಹಾಕಿಕೊಟ್ಟು, ಮೂರು ದಿನ ಇದ್ದು ಹೋಗಿದ್ದ. ರೈತರು ಕಾಯಿ ತಂದರೆ ಯಾವ ಊರಿನದು, ಎಷ್ಟು ಚೀಲ, ಯಾವ ಕೋಣೆಗೆ ಹೋಯಿತು ಎಂದು ಅಚ್ಚಾಗಿ ಬರುವ ಚೀಟಿ ಅದು. ಆ ಚೀಟಿ ಇಲ್ಲದೆ ಒಂದು ಚೀಲವೂ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ಆ ಮೂರೂ ದಿನ ಅಪ್ಪ ಕೆಲಸ ಬಿಟ್ಟು ಅವನ ಬೆನ್ನ ಹಿಂದೆ ನಿಂತು ನೋಡಿದ್ದನಂತೆ. ನಾಲ್ಕನೆಯ ದಿನ ಸಾವ್ಕಾರರಿಗೆ, "ನನಗ ಬರತೈತ್ರಿ" ಎಂದನಂತೆ. ಒತ್ತಿ ತೋರಿಸಿದ, ಚೀಟಿ ಬಂತು. ಅಂದಿನಿಂದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಗಾಲಿ ಕುರ್ಚಿ. ಹಮಾಲರು ಕೂಡ ಅವನಿಗೆ "ರೀ" ಹಚ್ಚಿ ಮಾತಾಡತೊಡಗಿದರು.

ನಾನು ಓದಿಗೆಂದು ಹಾವೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಅವ್ವ ತೀರಿದ ಮೇಲೆ ಅಪ್ಪನ ಜೊತೆ ಇರೋಣವೆಂದು ಬ್ಯಾಡಗಿಗೆ ಬಂದು, ಕೋಲ್ಡ್ ಸ್ಟೋರೇಜಿನ ಹಿಂದಿನ ಎರಡು ಕೋಣೆಯ ಮನೆಯಿಂದ ದಿನಾ ರೈಲಿನಲ್ಲಿ ಹಾವೇರಿಗೆ ಓಡಾಡುತ್ತಿದ್ದೆ. ಹೀಗಾಗಿ ಅಪ್ಪನ ಕೆಲಸದ ಒಳಹೊರಗು ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಕಂಪ್ಯೂಟರ್ ಬರುತ್ತದೆ ಎಂಬುದು ಗೊತ್ತಿತ್ತು, ಅದನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಅರ್ಜಿಗೆ ಕೊನೆಯ ದಿನ ಸೋಮವಾರ, ಸಂಜೆ ಐದು ಗಂಟೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ಆಫೀಸಿಗೆ ಹೋದೆ. ಸಾವ್ಕಾರರ ಒಪ್ಪಿಗೆಯನ್ನು ಅಪ್ಪ ಮೊದಲೇ ಪಡೆದಿದ್ದ. ಊಟಕ್ಕೆ ಬಿಟ್ಟ ಹೊತ್ತು, ತೂಕ ನಿಂತಿತ್ತು. ಅಪ್ಪ ತನ್ನ ಟವೆಲಿನಿಂದ ಕುರ್ಚಿ ಒರೆಸಿ ನನ್ನನ್ನು ಕೂರಿಸಿದ.

ಆ ಕಂಪ್ಯೂಟರನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ತೊಂಬತ್ತೆಂಟರ ವಿಂಡೋಸು. ಸಾವ್ಕಾರರ ಮನೆಯಲ್ಲಿ ಅಷ್ಟು ಹೊತ್ತಿಗೆ ಎರಡು ಹೊಸ ಕಾರು ಬಂದಿದ್ದವು, ಇಲ್ಲಿ ಮಾತ್ರ ಇನ್ನೂ ಅದೇ ವಿಂಡೋಸು, ಯಾಕೆಂದರೆ ಹುಬ್ಬಳ್ಳಿಯವನ ಪ್ರೋಗ್ರಾಮು ಬೇರೆ ಯಾವುದರ ಮೇಲೂ ನಡೆಯುತ್ತಿರಲಿಲ್ಲ. ಬೇರೆ ಊರಿನ ದರ ನೋಡಲೆಂದು ಸಾವ್ಕಾರರು ಫೋನಿನ ತಂತಿಯಿಂದ ಇಂಟರ್ನೆಟ್ ಹಾಕಿಸಿದ್ದರು, ಅದೊಂದು ಪುಣ್ಯ. ಕೀಲಿಗಳ ಸಂದಿಯಲ್ಲಿ ಕಾಯಿಯ ಧೂಳು ತುಂಬಿತ್ತು. ಐದು ನಿಮಿಷ ಕೂತರೆ ಸೀನು ತಪ್ಪಿದ್ದಲ್ಲ. ಸಾಲದ್ದಕ್ಕೆ ನಾಲ್ಕೈದು ಕೀಲಿಗಳ ಮೇಲೆ, ಚೀಲಕ್ಕೆ ಗುರುತು ಹಾಕುವ ಬಣ್ಣ ಮೆತ್ತಿಕೊಂಡು ಒಣಗಿತ್ತು. ಕೆಂಪು, ನೀಲಿ, ಹಸಿರು, ಹಳದಿ. ಮಾರ್ಕೆಟ್ಟಿನಲ್ಲಿ ಒಬ್ಬೊಬ್ಬರ ಚೀಲಕ್ಕೂ ಒಂದೊಂದು ಬಣ್ಣದ ಗುರುತು ಇರುತ್ತದೆ, ಓದು ಬಾರದ ಹಮಾಲರು ಅದನ್ನು ನೋಡಿಯೇ ಚೀಲ ಎತ್ತಿ ಇಡುವುದು. ಅದೇ ಬಣ್ಣದ ಕೈಯಲ್ಲಿ ಯಾರೋ ಕೀಬೋರ್ಡ್ ಮುಟ್ಟಿದ್ದಾರೆ ಎಂದುಕೊಂಡು ಮುಖ ಸಿಂಡರಿಸಿದೆ.

ಸರಕಾರದ ತಾಣದ ವಿಳಾಸ ಒತ್ತಿದೆ. ಬಹಳ ಹೊತ್ತಿನ ಮೇಲೆ ಒಂದು ಬಿಳಿ ಹಾಳೆ ತೆರೆದುಕೊಂಡಿತು. ಅದರ ನಡುವೆ ಇಂಗ್ಲಿಷಿನಲ್ಲಿ ಎರಡು ಸಾಲು. ನಿಮ್ಮ ಬ್ರೌಸರ್ ತೀರಾ ಹಳೆಯದು, ಹೊಸದನ್ನು ಹಾಕಿಕೊಂಡು ಬನ್ನಿ ಎಂದು ಅದರ ತಾತ್ಪರ್ಯ. ಮೈಯೆಲ್ಲ ಉರಿದುಹೋಯಿತು. ಹಳ್ಳಿಗಾಡಿನ ಮಕ್ಕಳಿಗೆ ಪಾಠ ಹೇಳುವವರನ್ನು ಆರಿಸಲು ಕೂತ ಸರಕಾರ, ಹಳ್ಳಿಗಾಡಿನ ಕಂಪ್ಯೂಟರುಗಳು ಹೇಗಿರುತ್ತವೆ ಎಂದು ಒಮ್ಮೆಯಾದರೂ ಬಂದು ನೋಡಬೇಡವೇ? ಅರ್ಜಿ ಹಾಕುವ ಮೊದಲೇ ಪರೀಕ್ಷೆ, ಅದೂ ನನಗಲ್ಲ, ಸಾವ್ಕಾರರ ಯಂತ್ರಕ್ಕೆ.

"ಏನಂತವಾ?" ಎಂದ ಅಪ್ಪ.

"ಒಲ್ಲೆ ಅಂತೈತಿ. ನಿಮ್ಮದು ಹಳೇದೈತಿ, ಹೊಸಾದು ಹಾಕ್ಕೊಂಡು ಬಾ ಅಂತೈತಿ."

ಅಪ್ಪನ ಮುಖ ಬಿಗಿಯಿತು. "ಹೊಸಾದು ಅಂದ್ರ, ಇದನ್ನೆಲ್ಲಾ ತಗದು ಹಾಕೂದೇನು?"

"ಇಲ್ಲಪ್ಪಾ. ಬರೇ ಒಂದು ಬ್ರೌಸರ್. ನಿನ್ನ ಚೀಟಿಗೆ ಏನೂ ಆಗೂದಿಲ್ಲ."

"ಹಂಗಾರ ಹಾಕ್ಕೋ. ಆದ್ರ ಉಳಿದದ್ದಕ್ಕ ಕೈ ಹಚ್ಚಬ್ಯಾಡ. ಎಲ್ಲಾ ಇದ್ದಲ್ಲೇ ಇರ್ಲಿ."

ನಾನು ಹೂಂ ಎಂದೆ. ಮಹಾನವಮಿಗೊಮ್ಮೆ ಅದಕ್ಕೆ ಕುಂಕುಮ ಹಚ್ಚಿ ಆರತಿ ಬೆಳಗುವವನು ಅಪ್ಪ. ಅಂಥವನಿಗೆ ಅದರ ಬಗ್ಗೆ ಅಷ್ಟು ಮಡಿ ಇರುವುದು ಸಹಜ ಎಂದು ಒಳಗೊಳಗೇ ನಕ್ಕೆ.

ಸಂಜೆಯ ರೈಲಿಗೆ ರಾಣೆಬೆನ್ನೂರಿಗೆ ಹೋದೆ. ಅಲ್ಲಿ ಒಂದು ಕಂಪ್ಯೂಟರ್ ಕಲಿಸುವ ಕ್ಲಾಸು, ನಡೆಸುವವನು ನನಗಿಂತ ನಾಲ್ಕು ವರ್ಷ ಚಿಕ್ಕವನು, ಎಲ್ಲರೂ ಸರ್ ಎನ್ನುತ್ತಿದ್ದರು. ನನ್ನ ಫೋಟೋ, ಸಹಿ ಎರಡನ್ನೂ ಸ್ಕ್ಯಾನ್ ಮಾಡಿ, ಬೆಂಕಿಬಾಲದ ನರಿಯ ಚಿತ್ರವಿದ್ದ ಬ್ರೌಸರನ್ನು ಇಳಿಸಿ, ಎಲ್ಲವನ್ನೂ ಒಂದು ಸಿಡಿಗೆ ಹಾಕಿಕೊಟ್ಟ. ತೊಂಬತ್ತೆಂಟರ ವಿಂಡೋಸ್ ಎಂದು ನಾನು ಎರಡು ಸಲ ಹೇಳಿದೆ. ಅವನು ಕೇಳಿಸಿಕೊಂಡದ್ದು ಅರ್ಧ ಸಲ. "ಇದು ಮೊನ್ನೆ ಮೊನ್ನೆ ಬಂದೈತ್ರಿ, ಭಾಳ ಫಾಸ್ಟ್. ಹೊಸಾದು ಇದ್ದಷ್ಟೂ ಚಲೋ" ಎಂದ.

ರವಿವಾರ ಬೆಳಿಗ್ಗೆ ಅಪ್ಪ ತನ್ನ ಅಕ್ಕನ ಮನೆಗೆಂದು ಮೇಡ್ಲೇರಿಗೆ ಹೋದ, ಸೋಮವಾರ ಮೊದಲ ಬಸ್ಸಿಗೆ ಬರುವವನಿದ್ದ. ಆಫೀಸಿನ ಕೀಲಿಕೈ ಕೊಡುವಾಗ ಮತ್ತೊಮ್ಮೆ, "ಇದ್ದಲ್ಲೇ ಇರ್ಲಿ" ಎಂದ. ನಾನು ಹೋಗಿ ಸಿಡಿ ಹಾಕಿದೆ. ಯಂತ್ರ ಗೊರಗೊರ ಅಂದಿತು, ನರಿಯ ಚಿತ್ರ ಬಂತು, ಒತ್ತಿದೆ. ಕಿರಿದಾದ ಬೂದು ಪೆಟ್ಟಿಗೆಯೊಂದು ಮೇಲೆದ್ದು, ಈ ಬ್ರೌಸರಿಗೆ ಇನ್ನೂ ಹೊಸ ವಿಂಡೋಸ್ ಬೇಕು ಎಂದಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಐದು ಸಲ ಒತ್ತಿದೆ, ಐದು ಸಲವೂ ಅದೇ ಉತ್ತರ, ಅದೂ ಟಣ್ ಎಂಬ ಸದ್ದು ಬೇರೆ. ಹಳೆಯ ಬ್ರೌಸರ್ ಇದ್ದರೆ ಸರಕಾರ ಒಳಗೆ ಬಿಡುವುದಿಲ್ಲ, ಹೊಸ ಬ್ರೌಸರನ್ನು ಹಳೆಯ ವಿಂಡೋಸು ಒಳಗೆ ಬಿಡುವುದಿಲ್ಲ. ನಡುವೆ ನಾನು. ಆ ಪೆಟ್ಟಿಗೆಯ ಕೆಳಗೆ ಒಂದೇ ಗುಂಡಿ ಇತ್ತು, ಅದರ ಮೇಲೆ ಬರೆದಿತ್ತು, ಓಕೆ. ಏನು ಓಕೆ? ಯಾರಿಗೆ ಓಕೆ?

ಮತ್ತೆ ರಾಣೆಬೆನ್ನೂರು. ಬಸ್ಸಿನಲ್ಲಿ ಕೂರಲು ಜಾಗವಿಲ್ಲ, ಹೊರಗೆ ರಣ ಬಿಸಿಲು. ಸರ್‌ಗೆ ರವಿವಾರದ ಕ್ಲಾಸಿತ್ತು. ಹತ್ತು ಹುಡುಗಿಯರ ಮುಂದೆಯೇ ಅವನಿಗೆ ಮಂಗಳಾರತಿ ಎತ್ತಿದೆ.

"ಅಕ್ಕೋರ, ತೊಂಬತ್ತೆಂಟು ಈಗ ಯಾರ ಇಟ್ಟಾರ್ರಿ? ಒಗೀರಿ ಅದನ್ನ" ಎಂದು ನಗಲು ನೋಡಿದ.

"ಒಗೀತೀನಿ. ನಿನ್ನ ಮನೀ ಮುಂದ ತಂದು ಒಗೀತೀನಿ. ಮೊದಲ ಅದಕ್ಕ ಹೊಂದೂದು ಯಾವುದೈತಿ ಹುಡುಕಿ ಕೊಡು."

ನಗು ನಿಂತಿತು. ಹುಡುಕಿದ. ಅದೇ ನರಿಯ ಹಿಂದಿನ ಆವೃತ್ತಿ, ಎರಡನೆಯ ನಂಬರಿನದು, ತೊಂಬತ್ತೆಂಟರ ಮೇಲೆ ನಡೆಯುವ ಕೊನೆಯದು ಅದು ಎಂದು ಓದಿ ಹೇಳಿದ. ಪೆನ್ ಡ್ರೈವಿಗೆ ಹಾಕಲೇ ಎಂದ. ಅದನ್ನು ಗುರುತಿಸಲೂ ಆ ವಿಂಡೋಸಿಗೆ ಬೇರೆ ಸಾಫ್ಟ್‌ವೇರ್ ಬೇಕಂತೆ ಎಂದು ತಾನೇ ನೆನಪು ಮಾಡಿಕೊಂಡು ಮತ್ತೊಂದು ಸಿಡಿ ತೆಗೆದ. ಎರಡು ದಿನದ ಸಿಟ್ಟಿನಲ್ಲಿ ನನಗೆ ಸಿಕ್ಕ ಒಂದೇ ಸಮಾಧಾನ, ಅವನು ಕೊನೆಗೆ "ಸಾರಿ ಮೇಡಮ್" ಎಂದದ್ದು.

ಬ್ಯಾಡಗಿಗೆ ಮರಳುವ ಹೊತ್ತಿಗೆ ಮೂರು ಗಂಟೆ. ಈ ಸಲ ಬೂದು ಪೆಟ್ಟಿಗೆ ಬರಲಿಲ್ಲ. ಹಸಿರು ಪಟ್ಟಿಯೊಂದು ಇಷ್ಟಿಷ್ಟೇ ಮುಂದೆ ತೆವಳುತ್ತ ಹೋಯಿತು. ಅದು ತುದಿ ಮುಟ್ಟುವ ತನಕ ಕೈಕಟ್ಟಿ ಕೂರುವ ತಾಳ್ಮೆ ನನ್ನ ಜಾತಕದಲ್ಲಿ ಬರೆದಿಲ್ಲ. ಒಂದು ಬಟ್ಟೆಗೆ ಸೀಮೆಎಣ್ಣೆ ಹಾಕಿ ಕೀಬೋರ್ಡ್ ತಿಕ್ಕತೊಡಗಿದೆ. ಧೂಳು ಹೋಯಿತು, ಅಂಟು ಹೋಯಿತು, ಆ ಕೆಂಪು ನೀಲಿ ಹಸಿರು ಹಳದಿ ಎಲ್ಲ ಹೋಯಿತು. ಹಲ್ಲುಜ್ಜಿಸಿದ ಕೂಸಿನ ಬಾಯಿಯ ಹಾಗೆ ಬೆಳ್ಳಗಾಯಿತು ಕೀಬೋರ್ಡು. ಅಪ್ಪ ಬಂದು ನೋಡಿ ಖುಷಿಪಡುತ್ತಾನೆ ಎಂದುಕೊಂಡೆ.

ನರಿ ಕೂತಿತು. ಸರಕಾರದ ತಾಣ ಈ ಸಲ ಸುಮ್ಮನೆ ತೆರೆದುಕೊಂಡಿತು. ಆದರೆ ಅರ್ಜಿಯ ಅರ್ಧ ಭಾಗ ಪರದೆಯ ಬಲಗಡೆ ಆಚೆಗೆ ಹೋಗಿತ್ತು. ಪರದೆಯ ಅಳತೆ ಬದಲಿಸಿದೆ, ಪ್ರೋಗ್ರಾಮುಗಳನ್ನು ತೆರೆಯಲು ಒತ್ತುವ ಚಿತ್ರಗಳೆಲ್ಲ ಸಣ್ಣಗಾದವು. ಹಾಗಾದ ಮೇಲೆ ಅವು ಎಲ್ಲೆಲ್ಲೋ ಚೆಲ್ಲಿದಂತೆ ಕಂಡವು. ಅಚ್ಚುಕಟ್ಟು ಮಾಡೋಣವೆಂದು, ಹೆಸರಿನ ಪ್ರಕಾರ ಜೋಡಿಸು ಎಂಬುದನ್ನು ಒತ್ತಿದೆ. ಎಲ್ಲವೂ ಎಡಗಡೆ ಸಾಲಾಗಿ ನಿಂತವು, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಅಪ್ಪ ಎರಡು ಸಲ ಹೇಳಿದ ಮಾತು ಆಗ ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಏನು ಮಹಾ ಆಗುತ್ತದೆ, ಎಲ್ಲದರ ಕೆಳಗೂ ಹೆಸರು ಬರೆದಿದೆಯಲ್ಲ ಎಂದುಕೊಂಡೆ.

ಅರ್ಜಿಯ ಎಲ್ಲ ಹಾಳೆಗಳನ್ನೂ ನನ್ನ ಕೈಯಾರೆ ತುಂಬಿದೆ. ಹುಟ್ಟಿದ ತಾರೀಖನ್ನು ಬೆರಳಿಟ್ಟು ಮೂರು ಸಲ ಓದಿದೆ. ಕೊನೆಯ ಹಾಳೆಯಲ್ಲಿ ಫೋಟೋ ಸೇರಿಸುವಾಗ ಅಲ್ಲಿಯವರೆಗೆ ಬಂದದ್ದು ನಿಂತೇ ಹೋಯಿತು. ರಾಜ್ಯದ ಎಲ್ಲರೂ ಒಂದೇ ಸಲ ಮುಗಿಬಿದ್ದಿರಬೇಕು. ಸಂಜೆವರೆಗೆ ಒದ್ದಾಡಿದೆ. ತುಂಬಿದ್ದಷ್ಟು ಉಳಿದಿತ್ತು, ಒಂದು ತಾತ್ಕಾಲಿಕ ನಂಬರ್ ಕೊಟ್ಟಿತ್ತು. ಫೋಟೋ ಸೇರಿಸಿ, ಕೊನೆಯ ಗುಂಡಿ ಒತ್ತುವುದಷ್ಟೇ ಬಾಕಿ. ಸೋಮವಾರಕ್ಕೆ ರಜೆ ಹಾಕಿದರಾಯಿತು ಎಂದು ಯಂತ್ರ ಆರಿಸಿ ಬಂದೆ.

ಸೋಮವಾರ ಬ್ಯಾಡಗಿಯಲ್ಲಿ ಮಾರ್ಕೆಟ್ಟಿನ ದಿನ. ಸುಗ್ಗಿಯ ಕಾಲ ಬೇರೆ. ಎಂಟು ಗಂಟೆಗೇ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯ ತನಕ ನಿಂತಿದ್ದವು. ನಾನು ರೊಟ್ಟಿ ಬಡಿಯುತ್ತ, ಅಪ್ಪನಿಗೆ ನಡುವೆ ಸ್ವಲ್ಪ ಬಿಡುವಾದ ಕೂಡಲೇ ಹೋಗಿ ಕೂರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಹಮಾಲನೊಬ್ಬ ಬಾಗಿಲಿಗೆ ಬಂದ.

"ಅಕ್ಕೋರ, ಒಂಚೂರು ಬರ್ರಿ. ಚೀಟಿ ಬರವಲ್ದು. ನಿಮ್ಮಪ್ಪಾರು ಹೆಂಗೋ ಮಾಡಾಕತ್ತಾರ."

ಹೋದೆ. ಆಫೀಸಿನ ಬಾಗಿಲಲ್ಲಿ ರೈತರು, ಹಮಾಲರು ಸೇರಿ ಹದಿನೈದು ಇಪ್ಪತ್ತು ಜನ. ಅಪ್ಪ ಕುರ್ಚಿಯ ತುದಿಗೆ ಕೂತಿದ್ದ. ಅಂಗಿಯ ಬೆನ್ನು ತೊಯ್ದು ಅಂಟಿಕೊಂಡಿತ್ತು. ಪರದೆಯ ತುಂಬ ನರಿಯ ಕಿಟಕಿಗಳು ಒಂದರ ಮೇಲೊಂದು ತೆರೆದು ನಿಂತಿದ್ದವು, ಹತ್ತೋ ಹದಿನೈದೋ. ಚೀಟಿಯ ಪ್ರೋಗ್ರಾಮು ಇದ್ದ ಜಾಗದಲ್ಲಿ ಈಗ ನರಿ ಕೂತಿತ್ತು. ಅಪ್ಪ ಅದನ್ನೇ ಮತ್ತೆ ಮತ್ತೆ ಒತ್ತುತ್ತಿದ್ದ, ಬಡ ಯಂತ್ರ ಉಸಿರು ಕಟ್ಟಿ ನಿಂತಿತ್ತು.

"ಅಪ್ಪಾ, ಏನ ಮಾಡಾಕತ್ತೀ?"

ಅವನು ನನ್ನ ಕಡೆ ತಿರುಗಿದ. ದನಿ ತಗ್ಗಿಸಿ ಕೇಳಿದ. "ಕೆಂಪ ಎಲ್ಲಿ ಹೋತವಾ?"

"ಯಾವ ಕೆಂಪ?"

"ಇಲ್ಲಿ ಕೆಂಪ ಇತ್ತಲ್ಲ. ನೀಲಿ ಇತ್ತಲ್ಲ."

"ಅದಾ? ಒರಿಸಿದ್ನಿ. ಹೊಲಸಾಗಿತ್ತು."

ಅಪ್ಪ ಪರದೆಯ ಕಡೆ ತಿರುಗಿದ. ಮತ್ತೆ ನರಿಯನ್ನು ಒತ್ತಿದ. ಮತ್ತೊಂದು ಕಿಟಕಿ. ನನ್ನ ತಲೆ ಕೆಟ್ಟುಹೋಯಿತು. ಎರಡು ದಿನ ಬಿಸಿಲಲ್ಲಿ ಅಲೆದದ್ದು, ಸೈಬರಿನವನ ಮೇಲಿನ ಹಳೆಯ ಸಿಟ್ಟು, ಸರಕಾರದ ಮೇಲಿನ ಸಿಟ್ಟು, ಸಂಜೆ ಐದು ಗಂಟೆ ಎಂಬ ಭಯ, ಅರ್ಧಕ್ಕೆ ನಿಂತ ಅರ್ಜಿ ಇದ್ದ ಯಂತ್ರವನ್ನು ಕಣ್ಣ ಮುಂದೆಯೇ ಕೆಡಿಸುತ್ತಿದ್ದಾನಲ್ಲ ಎಂಬ ಸಂಕಟ, ಎಲ್ಲ ಸೇರಿ ಬಾಯಿಗೆ ಬಂತು.

"ಕೆಳಗ ಹೆಸರ ಬರದೈತಲ್ಲಪ್ಪಾ, ಇಷ್ಟು ದೊಡ್ಡದು. ಓದಾಕ ಬರೂದಿಲ್ಲೇನ ನಿನಗ?"

ಹದಿನೈದು ಇಪ್ಪತ್ತು ಜನ ಅಪ್ಪನ ಕಡೆ ತಿರುಗಿದರು. ಶಾಲೆಯಲ್ಲಿ ಇಂಥ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳುವವಳು ನಾನು, ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಅಪ್ಪ ಮಾತ್ರ ಅದನ್ನು ನಿಜವಾದ ಪ್ರಶ್ನೆಯೆಂದೇ ತಿಳಿದವನಂತೆ ನನ್ನ ಮುಖ ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಸಾವ್ಕಾರರು ನಿಂತಿದ್ದರು.

ಅಪ್ಪ ಕುರ್ಚಿಯಿಂದ ಎದ್ದ. "ನೀ ಮಾಡವಾ" ಎಂದ.

ನಾನು ಕೂತೆ. ನರಿಯ ಕಿಟಕಿಗಳನ್ನೆಲ್ಲ ಮುಚ್ಚಿದೆ. ಮೂರನೆಯ ಸಾಲಿಗೆ ಹೋಗಿ ಕೂತಿದ್ದ ಚೀಟಿಯ ಪ್ರೋಗ್ರಾಮನ್ನು ಹೆಸರು ಓದಿ ಹುಡುಕಿದೆ, ತೆರೆದೆ. ಕಪ್ಪು ಪರದೆ, ಬಿಳಿ ಅಕ್ಷರ, ಎಲ್ಲ ಇಂಗ್ಲಿಷು. ಹೊಸ ಲಾಟಿಗೆ ಎಫ್ ಎರಡು ಒತ್ತಿ, ಅಚ್ಚಿಗೆ ಎಫ್ ಐದು ಒತ್ತಿ ಎಂದು ಕೆಳಗೆ ಬರೆದಿತ್ತು. ಎಫ್ ಎರಡಕ್ಕೆ ಬೆರಳು ಇಟ್ಟೆ. ಅಲ್ಲಿ ನಿನ್ನೆ ಕೆಂಪು ಇತ್ತು. ಎಫ್ ಐದರ ಮೇಲೆ ನೀಲಿ ಇತ್ತು. ಹಸಿರನ್ನು ಎಂಟರ್ ಕೀಲಿಯಿಂದ ತಿಕ್ಕಿ ತೆಗೆದಿದ್ದೆ, ಹಳದಿಯನ್ನು ಎಡ ಮೂಲೆಯ ಕೀಲಿಯಿಂದ.

ಅಪ್ಪ ಓದುತ್ತಿದ್ದದ್ದು ಬಣ್ಣಗಳನ್ನು ಎಂದು ಆಗ ನನಗೆ ತಿಳಿಯಿತು. ಅಪ್ಪನಿಗೆ ಕನ್ನಡ ಓದು ಬರುತ್ತಿತ್ತು. ಎರಡನೆಯ ಇಯತ್ತೆ ಕಲಿತವನು, ನಿಧಾನವಾಗಿಯಾದರೂ ಓದುತ್ತಿದ್ದ; ಹಮಾಲರ ಮನೆಗೆ ಬಂದ ಲಗ್ನಪತ್ರಿಕೆ, ಪಂಚಾಯಿತಿಯ ನೋಟೀಸು ಎಲ್ಲವನ್ನೂ ಓದಿ ಹೇಳುವವನು ಅವನೇ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದದ್ದು ಅಂಕಿಗಳು ಮಾತ್ರ. ಎರಡನೆಯ ಸಾಲಿನ ಮೇಲಿನ ಚಿತ್ರ, ಆಮೇಲೆ ಕೆಂಪು, ಊರಿನ ನಂಬರು, ಹಸಿರು, ಚೀಲದ ಲೆಕ್ಕ, ಹಸಿರು, ಕೋಣೆಯ ನಂಬರು, ಹಸಿರು, ನೀಲಿ. ತಪ್ಪಾದರೆ ಹಳದಿ. ಇಷ್ಟರ ಮೇಲೆ ಅವನು ಎಂಟೊಂಬತ್ತು ವರ್ಷ ಒಂದು ಚೀಟಿಯೂ ತಪ್ಪದಂತೆ ನಡೆಸಿದ್ದ. ನೂರಕ್ಕೂ ಹೆಚ್ಚು ಊರುಗಳ ನಂಬರು ಅವನಿಗೆ ಬಾಯಿಪಾಠ. ಹೊಸರಿತ್ತಿ, ಮೇಡ್ಲೇರಿ ಎಂದು ರೈತ ಹೇಳಿ ಮುಗಿಸುವುದರೊಳಗೆ ಅವನ ಬೆರಳು ಒತ್ತಿ ಮುಗಿದಿರುತ್ತಿತ್ತು. ಊರಿನ ನಂಬರಿನ ಪಟ್ಟಿಯನ್ನು ಮೇಜಿನ ಗಾಜಿನ ಕೆಳಗೆ ಹುಡುಕಿಕೊಂಡು ನಾನು ಒಂದೊಂದು ಚೀಟಿ ತೆಗೆಯುತ್ತಿದ್ದಾಗ, ಅವನು ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳುತ್ತಿದ್ದ, "ಮೇಡ್ಲೇರಿ ಹದಿನಾಲ್ಕು." ಪಟ್ಟಿಯಲ್ಲಿ ನೋಡಿದರೆ ಹದಿನಾಲ್ಕೇ.

ನಾನು ಅಲ್ಲಿಯೇ ನಿಲ್ಲಿಸಿ ಎದ್ದು ನಿಂತು, ತಪ್ಪು ನನ್ನದು, ಎಲ್ಲವನ್ನೂ ಕೆದರಿದವಳು ನಾನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಜನ ಕಾಯುತ್ತಿದ್ದರು, ಗಡಿಯಾರ ಓಡುತ್ತಿತ್ತು, ನನಗೆ ಆ ಯಂತ್ರ ಬೇಗ ಖಾಲಿಯಾಗಬೇಕಿತ್ತು. ಸರಸರನೆ ಚೀಟಿ ತೆಗೆದು ಕೊಟ್ಟೆ. ಸಾಲು ಕರಗಿತು.

"ತಾಸಗಟ್ಟಲೆ ಆಗದ್ದು, ಮಗಳು ಹತ್ತ ನಿಮಿಷದಾಗ ಮಾಡಿದ್ಲಲ್ಲೋ" ಎಂದರು ಸಾವ್ಕಾರರು. ಬೈಗುಳದ ದನಿಯೇನಲ್ಲ. ಆದರೆ ಅದುವರೆಗೆ ಅವರು ಅಪ್ಪನಿಗೆ "ಲೋ" ಎಂದದ್ದನ್ನು ನಾನು ಕೇಳಿರಲಿಲ್ಲ. "ಅಂದ್ರ ಇಷ್ಟ ವರ್ಷ ನೀ ಏನ ಓದತಿದ್ದಿ ಇದರಾಗ?"

ಅಪ್ಪ ಜೇಬಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟ. ಬಿಳಿ ಅಂಗಿ ಬಿಚ್ಚಿ, ಮಡಚಿ, ಮೊಳೆಗೆ ನೇತುಹಾಕಿದ. ಬನಿಯನ್ ಮೇಲೆ ಟವೆಲು ಹಾಕಿಕೊಂಡು ಹೊರಗೆ ಹೋಗಿ, ಇಳಿಸಲು ನಿಂತಿದ್ದ ಟ್ರ್ಯಾಕ್ಟರಿನ ಹಿಂದೆ ಬೆನ್ನು ಬಗ್ಗಿಸಿ ನಿಂತ. ಮೇಲಿದ್ದ ಹಮಾಲ ಚೀಲ ಕೊಡದೆ ಸುಮ್ಮನೆ ನೋಡುತ್ತಿದ್ದ. "ಕೊಡಲೇ" ಎಂದ ಅಪ್ಪ. ಚೀಲ ಬೆನ್ನಿಗೆ ಬಂತು.

ಕಿಟಕಿಯಿಂದ ಇದೆಲ್ಲ ನನಗೆ ಕಾಣುತ್ತಿತ್ತು. ಕಾಣುತ್ತಿದ್ದಾಗಲೇ ನರಿಯನ್ನು ತೆರೆದೆ, ತಾತ್ಕಾಲಿಕ ನಂಬರ್ ಒತ್ತಿದೆ, ಫೋಟೋ ಸೇರಿಸಿದೆ. ಈ ಸಲ ತಡವಿಲ್ಲದೆ ಸೇರಿತು. ಒಪ್ಪಿಸುವ ಮೊದಲು ಎಲ್ಲ ಸರಿಯಿದೆಯೇ ನೋಡಿಕೊಳ್ಳಿ ಎಂದು ತುಂಬಿದ್ದನ್ನೆಲ್ಲ ತೋರಿಸಿತು. ತಂದೆಯ ಉದ್ಯೋಗ, ಗುಮಾಸ್ತ. ಸರಿಯಿದೆ ಎಂದು ಒತ್ತಿದೆ. ನೋಂದಣಿಯ ನಂಬರು ಬಂತು, ಲಾಟಿನ ಚೀಟಿಯ ಕಾಗದದ ಮೇಲೆಯೇ ಅಚ್ಚು ಹಾಕಿಕೊಂಡೆ.

ಆ ಸಂಜೆ ಆಫೀಸಿಗೆ ಹೋಗಿ ನರಿಯನ್ನು ಕಿತ್ತುಹಾಕಿದೆ. ಪರದೆಯ ಅಳತೆ ಮೊದಲಿನಂತೆ ಮಾಡಿದೆ. ಗೋಡೌನಿನಿಂದ ಬಣ್ಣದ ಡಬ್ಬಿಗಳನ್ನು ತಂದು, ಕಡ್ಡಿಯಿಂದ ಕೆಂಪು, ನೀಲಿ, ಹಸಿರು, ಹಳದಿ ಇಟ್ಟೆ. ಅಪ್ಪನನ್ನು ಕರೆದುಕೊಂಡು ಬಂದು ತೋರಿಸಿದೆ. ಚಿತ್ರ ಎಲ್ಲಿತ್ತು ಹೇಳು, ಅಲ್ಲೇ ಇಡುತ್ತೇನೆ ಎಂದೆ. ಅವನು ಬಾಗಿಲಿನ ಹೊರಗೇ ನಿಂತು, "ಬಿಡವಾ. ಎಲ್ಲಾರಿಗೂ ಗೊತ್ತಾತಲ್ಲ" ಎಂದ.

ನನಗೆ ಸಿಟ್ಟು ಬಂತು. ಅವನ ಮೇಲೆ ಬಂತು. ಎಂಟೊಂಬತ್ತು ವರ್ಷ ನನಗೊಂದು ಮಾತು ಹೇಳದೆ ಇದ್ದನಲ್ಲ, ಹೇಳಿದ್ದರೆ ಒಂದು ವಾರದಲ್ಲಿ ಇಂಗ್ಲಿಷ್ ಅಕ್ಷರ ಕಲಿಸುತ್ತಿದ್ದೆನಲ್ಲ ಎಂದು ಬಂತು. 'ಇದ್ದಲ್ಲೇ ಇರ್ಲಿ' ಎನ್ನುವ ಬದಲು, ನನಗೆ ಓದಲು ಬರುವುದಿಲ್ಲ ಎನ್ನಲು ಏನಾಗಿತ್ತು ಇವನಿಗೆ? ಹಾಗೆ ಒಂದು ವಾರ ಗೋಡೆಗಳ ಜೊತೆ ಜಗಳವಾಡಿದೆ. ಆಮೇಲೆ ಸಾವ್ಕಾರರ ಮೇಲೆ ಬಂತು. ಚೀಟಿ ತಪ್ಪದೆ ಬರುತ್ತಿದ್ದಷ್ಟು ದಿನ ಕೇಳದ ಪ್ರಶ್ನೆಯನ್ನು ಒಂದು ದಿನ ತಪ್ಪಿದ್ದಕ್ಕೆ ಕೇಳಿದರಲ್ಲ. ಯಾರ ಮೇಲೆ ಹಾಕಿದರೂ ಆ ಸಿಟ್ಟು ಅಲ್ಲಿ ಕೂರಲಿಲ್ಲ, ತಿರುಗಿ ನನ್ನ ಹತ್ತಿರವೇ ಬಂತು. ಮಗಳಿಗೆ ಹೇಳಿಕೊಳ್ಳಲು ಅಪ್ಪ ಹೆದರಿದ್ದ. ಮಗಳ ಬಾಯಿ ಎಂಥದೆಂದು ಅವನಿಗೆ ಗೊತ್ತಿತ್ತು. ಆ ಹೆದರಿಕೆ ಸರಿಯಾಗಿಯೇ ಇತ್ತು.

ಸಾವ್ಕಾರರು ಅವನನ್ನು ಬಿಡಿಸಲಿಲ್ಲ. ಹೊಸ ಕಂಪ್ಯೂಟರು ಬಂತು, ಅದಕ್ಕೆ ರಾಣೆಬೆನ್ನೂರಿನಿಂದ ಕಲಿತವನೊಬ್ಬ ಬಂದ. ಗೇಟಿನಲ್ಲಿ ಕೂರು ಎಂದರೆ ಅಪ್ಪ ಒಲ್ಲೆ ಎಂದು ಹಮಾಲರ ಗುಂಪಿಗೇ ಸೇರಿದ. ಐವತ್ತೈದು ದಾಟಿದ ಬೆನ್ನು. ಹಮಾಲರು ಅವನಿಗೆ ಹಗುರ ಚೀಲ ಆರಿಸಿ ಕೊಡುತ್ತಿದ್ದರು, ಅವನಿಗದು ಗೊತ್ತಾಗದಂತೆ ಕೊಡುತ್ತಿದ್ದರು. ಅವರಲ್ಲಿದ್ದ ಸೂಕ್ಷ್ಮತೆ, ವಿಜ್ಞಾನ ಓದಿದ ನನ್ನಲ್ಲಿರಲಿಲ್ಲ.

ಮರುವರ್ಷ ನನಗೆ ನೌಕರಿಯ ಆದೇಶ ಬಂತು. ಅಂಚೆಯವನು ಲಕೋಟೆ ಕೊಟ್ಟಾಗ ಅಪ್ಪ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಒಡೆದು ನೋಡಿದೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಮೊದಲ ಸಾಲಿನಲ್ಲೇ ನನ್ನ ಹೆಸರು, ಅದರ ಮುಂದೆ ಅಪ್ಪನ ಹೆಸರು. ಓಡಿ ಹೋಗಿ ಅವನ ಕೈಗೆ ಕೊಟ್ಟೆ. ಕೈಯ ನೀರು ಟವೆಲಿಗೆ ಒರೆಸಿಕೊಂಡು ಈಸಿಕೊಂಡ. ಮೇಲಿನ ಸರಕಾರದ ಮುದ್ರೆಯನ್ನು ನೋಡಿದ, ಹಾಳೆಯ ಹಿಂಬದಿ ತಿರುವಿ ನೋಡಿದ, ನನಗೇ ವಾಪಸು ಕೊಟ್ಟ.

"ನೀನ ಓದವಾ."

"ಕನ್ನಡದಾಗ ಐತಪ್ಪಾ. ನಿನ್ನ ಹೆಸರೂ ಐತಿ ನೋಡು."

"ನನಗ ಓದಾಕ ಬರೂದಿಲ್ಲಲ್ಲ."

ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಾನು ಜಗಳವನ್ನಾದರೂ ತೆಗೆಯಬಹುದಿತ್ತು. ಅವನು ಕಟ್ಟೆಯ ಮೇಲೆ ಕೂತು, ಕೇಳಲು ಸಿದ್ಧನಾಗಿ ನನ್ನ ಕಡೆ ನೋಡಿದ. ನಾನು ಮೊದಲ ಸಾಲಿನಿಂದ ಓದತೊಡಗಿದೆ.